ಮುಕ್ಕುಂದದ ಪಟೇಲರ ಸಹಿ

ಲಿಂಗಸುಗೂರು
೮ ಫೆಬ್ರುವರಿ ೧೯೪೬, ಶುಕ್ರವಾರ

ಸೋದರಮಾವ ಅಂಬಪ್ಪನವರಿಗೆ ದುರುಗಪ್ಪನ ಶರಣು.

ಅಹಲ್ಕಾರನ ಜಾಗ, ಆ ಗುಮಾಸ್ತಿಕೆ, ಹನುಮೇಶನಿಗೆ ಆಯಿತು. ನಿನ್ನೆ ಸಂಜೆ ಕಚೇರಿ ಮುಚ್ಚುವ ಹೊತ್ತಿಗೆ ಪಟ್ಟಿಯನ್ನು ಬಾಗಿಲಿಗೆ ಅಂಟಿಸಿದರು. ನಾನು ಒಳಗೆ ಕಾಗದಗಳ ಬಸ್ತೆ ಕಟ್ಟುತ್ತಿದ್ದೆ. ಬಂದು ಹೇಳಿದವನು ಜವಾನ ಮಲೀಕಸಾಬ. "ದುರುಗಣ್ಣ, ಪಟ್ಟಿ ಹಚ್ಯಾರ. ಓದಾಕ ಹೋಗೂಕಿಂತ ಮೊದ್ಲ ಒಂದು ತಂಬಿಗಿ ನೀರು ಕುಡಿ" ಎಂದ. ಕುಡಿಯದೆ ಹೋದೆ. ಎರಡೇ ಹೆಸರು ಇದ್ದವು. ಹನುಮೇಶನ ಎದುರಿಗೆ 'ಮಂಜೂರು'. ನನ್ನ ಎದುರಿಗೆ 'ಮುಂದೆ ನೋಡಲಾಗುವುದು'.

ಖಚಿತವಾಗಿ ಗೊತ್ತಿರುವುದನ್ನು ಮೊದಲು ಬರೆಯುತ್ತೇನೆ. ನಾನು ಉಮೇದ್ವಾರನಾಗಿ ಸೇರಿದ್ದು ೧೯೪೨ರ ಜನವರಿಯಲ್ಲಿ. ಖಾಲಿ ಜಾಗದ ಆಸೆಗೆ ಸಂಬಳವಿಲ್ಲದೆ ನಾಲ್ಕು ವರ್ಷ ಈ ಕಚೇರಿಯ ನಕಲು ಬರೆದಿದ್ದೇನೆ. ಹನುಮೇಶ ಬಂದದ್ದು ಹೋದ ಅಕ್ಟೋಬರಿನಲ್ಲಿ. ಅವನು ಮಸ್ಕಿಯವನು, ನಮ್ಮ ಕಚೇರಿಯ ಹಿರಿಯ ಗುಮಾಸ್ತರಾದ ಪೇಶ್ಕಾರರ ಖಾಸಾ ಅಣ್ಣನ ಮಗ. ಪಟ್ಟಿ ತಯಾರಿಸಿದವರು ಪೇಶ್ಕಾರರು. ತಹಸೀಲ್ದಾರರು ರುಜು ಮಾತ್ರ ಹಾಕಿದ್ದಾರೆ. ಹನುಮೇಶನ ಉರ್ದು ಅಕ್ಷರ ನನ್ನದಕ್ಕಿಂತ ಚೆನ್ನಾಗಿದೆ, ಅದನ್ನು ಇಲ್ಲವೆನ್ನಲಾರೆ. ಬಸ್ತೆ ಕಟ್ಟಲು ಕಲಿಸಿದವನು ಮಾತ್ರ ನಾನು.

ಇನ್ನು ಸಂಶಯ. ಡಿಸೆಂಬರಿನಲ್ಲಿ ಪೇಶ್ಕಾರರು ನನ್ನನ್ನು ಮುಂದಿನ ಕೋಣೆಯಿಂದ ಎಬ್ಬಿಸಿ ಹಳೆಯ ಕಾಗದಗಳ ಕೋಣೆಗೆ ಕಳಿಸಿದ್ದರು. ಗೆದ್ದಲು ಹತ್ತಿದೆ, ನೋಡಿಕೊ ಎಂದರು. ಗೆದ್ದಲು ಇರಲಿಲ್ಲ. ನನ್ನ ಕೆಲಸ ತಹಸೀಲ್ದಾರರ ಕಣ್ಣಿಗೆ ಬೀಳದಿರಲಿ ಎಂದೇ ಕಳಿಸಿದರೆಂದು ಈಗ ಅನ್ನಿಸುತ್ತಿದೆ.

ನನಗೆ ವಾಸಕ್ಕೆ ಪಡಸಾಲೆ ಕೊಟ್ಟಿರುವ ದಾವಲ್‌ಬೀ ನಗುತ್ತಾಳೆ. "ನೀ ಬಂದಮ್ಯಾಲೆ ನನ್ನ ಎಮ್ಮಿ ಎರಡು ಸಲ ಈದೈತಿ. ನಿನ್ನ ನೌಕರಿ ಒಂದ್ಸಲನೂ ಈಯಲಿಲ್ಲಲ್ಲೋ ತಮ್ಮಾ!" ಮುಂದಿನ ವರ್ಷ ನನಗೆ ಇಪ್ಪತ್ತೈದು ತುಂಬುತ್ತದೆ. ಆಮೇಲೆ ಹೊಸಬರೆಂದು ತೆಗೆದುಕೊಳ್ಳುವುದಿಲ್ಲ ಎನ್ನುತ್ತಾರೆ. ಇದೇ ಕೊನೆಯ ಜಾಗ.

ತಹಸೀಲ್ದಾರರನ್ನು ದಾಟಿ ಮೇಲಿನ ಅಧಿಕಾರಿ ದುಯ್ಯಂ ತಾಲೂಕದಾರರಿಗೇ ಅರ್ಜಿ ಕೊಡಬೇಕೆಂದಿದ್ದೇನೆ. ನಿಮ್ಮ ಮಾತು ತಿಳಿಸಿರಿ. ಅವ್ವನಿಗೆ ಓದಿ ಹೇಳಿರಿ.

ನಿಮ್ಮ ಮನೆಯಲ್ಲಿ ಬೆಳೆದ,
ದುರುಗಪ್ಪ


ಮುಕ್ಕುಂದ
೧೯ ಫೆಬ್ರುವರಿ ೧೯೪೬

ದುರುಗನಿಗೆ ಮಾವನ ಆಶೀರ್ವಾದ.

ಪೇಪರಿನವರ ಹಾಗೆ ತಾರೀಖು ಹಾಕಿ ಬರೆದ ನಿನ್ನ ಕಾಗದ ತಲುಪಿತು. ನಿಮ್ಮವ್ವನಿಗೆ ಎರಡು ಸಲ ಓದಿದೆ. ಅವಳು ಕೇಳಿದ್ದು ಒಂದೇ. "ಅಷ್ಟುದ್ದ ಬರದಾನ, ಉಂಡೀನಿ ಅಂತ ಎಲ್ಲೆರ ಬರದಾನೇನು?"

ನೀನು ಬರೆದದ್ದರಲ್ಲಿ ನನಗೆ ಹೊಸದೇನೂ ಕಾಣಲಿಲ್ಲ. ಈ ಊರಿನ ಕಂದಾಯ ನೋಡುವ ಮಾಲಿ ಪಟೇಲಕಿ ನನ್ನಪ್ಪನಿಂದ ನನಗೆ ಬಂತು, ನನ್ನಿಂದ ನನ್ನ ಮಗನಿಗೆ ಹೋಗುತ್ತದೆ. ಯಾರೂ ಅರ್ಜಿ ಹಾಕಿಲ್ಲ. ಅದು ವತನು, ಇದು ನೌಕರಿ, ಎರಡೂ ಒಂದಲ್ಲ ಎಂದು ನೀನು ಹೇಳುತ್ತೀ. ಇರಲಿ. ಕೈಯಲ್ಲಿ ಲೆಕ್ಕಣಿಕೆ ಇದ್ದವನು ತನ್ನವನ ಹೆಸರನ್ನೇ ಮೊದಲು ಬರೆಯುತ್ತಾನೆ.

ಹೊಳೆಗೆ ಅಣೆಕಟ್ಟು ಕಟ್ಟುತ್ತಿದ್ದಾರೆ. ಸಿಂಧನೂರಿನಲ್ಲಿ ಕಾಲುವೆ ಅಳತೆಯ ಕಚೇರಿ ಆಗುತ್ತದೆಂದು ಸುದ್ದಿ. ಅಲ್ಲಿ ನೋಡೋಣ. ತಾಲೂಕದಾರರಿಗೆ ಅರ್ಜಿ ಕೊಡಬೇಡ. ಮತ್ತೊಮ್ಮೆ ಬರೆಯುತ್ತೇನೆ, ಕೊಡಬೇಡ.

ಹೊಸ ಅಕ್ಕಿ ಬಂಡಿಯವನ ಕೈಯಲ್ಲಿ ಕಳಿಸಿದ್ದೇನೆ.

ಅಂಬಪ್ಪ, ಮಾಲಿ ಪಟೇಲ


ಲಿಂಗಸುಗೂರು
೪ ಮಾರ್ಚ್ ೧೯೪೬

ಮಾವನವರಿಗೆ ಶರಣು.

ಅರ್ಜಿ ಕೊಟ್ಟಾಗಿದೆ. ಫೆಬ್ರುವರಿ ೨೫ರಂದು ಕೊಟ್ಟೆ. ನಿಮ್ಮ ಕಾಗದ ಕೈಸೇರಿದ್ದು ೨೭ಕ್ಕೆ. ಉಣ್ಣುತ್ತಿದ್ದೇನೆಂದು ಅವ್ವನಿಗೆ ಹೇಳಿರಿ.

ಅದಕ್ಕಿಂತ ದೊಡ್ಡ ವಿಷಯವೊಂದು ಸಿಕ್ಕಿದೆ. ನಿನ್ನೆ ಮಸ್ಕಿಗೆ ಹೋಗಿದ್ದೆ. ಹನುಮೇಶನ ಮನೆಯಲ್ಲಿ ಮೊದಲು ಮುಸುರೆ ತೊಳೆಯುತ್ತಿದ್ದ ಆದೆಮ್ಮ ಎಂಬ ಮುದುಕಿ ಇದ್ದಾಳೆ. ಹನುಮೇಶ ಹುಟ್ಟಿದ್ದು ಈ ಮನೆಯಲ್ಲೇ ಏನು ಎಂದು ಸುಮ್ಮನೆ ಕೇಳಿದೆ. ಆಕೆ ನನ್ನನ್ನೇ ದಡ್ಡನೆಂಬಂತೆ ನೋಡಿದಳು.

"ಚೊಚ್ಚಲ ಹೆರಿಗಿ ಅತ್ತಿ ಮನ್ಯಾಗ ಮಾಡ್ತಾರೇನೋ ನಿಮ್ಮ ಕಡಿ? ಕುಬಸ ಮಾಡಿ ತವರಿಗೆ ಕಳಿಸಿದ್ರು. ಸಿರುಗುಪ್ಪಕ್ಕ. ನಾನ ಜೋಡಿ ಹೋಗಿದ್ನೆಪ್ಪಾ. ಮುಕ್ಕುಂದದ ಕಡಿಂದ ಹರಿಗೋಲಾಗ ಕುಂದ್ರಿಸಿ ದಾಟಿಸಿದ್ರು. ಆಕಿಗಿಂತ ನನಗs ಹೆಚ್ಚು ವಾಂತಿ ಆತು."

ಸಿರುಗುಪ್ಪ ಹೊಳೆಯ ಆಚೆ. ಅಲ್ಲಿ ನಿಜಾಮರ ಸರಕಾರವಲ್ಲ, ಇಂಗ್ಲಿಷರದು. ಇಲ್ಲಿನ ನೌಕರಿಗೆ ಮುಲ್ಕಿಯಾಗಿರಬೇಕು, ಅಂದರೆ ಈ ಮುಲ್ಕಿನವನಾಗಿರಬೇಕು. ಹನುಮೇಶನ ಮುಲ್ಕಿ ದಾಖಲೆಯಲ್ಲಿ 'ಮಸ್ಕಿಯಲ್ಲಿ ಜನನ' ಎಂದಿರುವುದನ್ನು ನನ್ನ ಕಣ್ಣಾರೆ ನೋಡಿದ್ದೇನೆ. ಅದು ಸುಳ್ಳು. ನಾನೋ ಮುಕ್ಕುಂದದ ಮಣ್ಣಿನಲ್ಲಿ, ನಿಮ್ಮ ಮನೆಯ ನಡುಮನೆಯಲ್ಲಿ ಹುಟ್ಟಿದವನು.

ಆದೆಮ್ಮ ಹೆಬ್ಬೆಟ್ಟು ಒತ್ತಲು ಒಪ್ಪಲಿಲ್ಲ. "ಅವರ ಉಪ್ಪು ಉಂಡೀನಿ" ಎಂದಳು. ಆದ್ದರಿಂದ ಆ ಹರಿಗೋಲಿನವನು ಬೇಕು. ಆಗ ಹರಿಗೋಲು ಹಾಕುತ್ತಿದ್ದವನು ನಮ್ಮೂರ ಮುದುಕಪ್ಪನೇ ಅಲ್ಲವೇ? ಅವನನ್ನು ಕೇಳಿ, ಒಂದು ಹೇಳಿಕೆ ಬರೆಸಿ ಕಳಿಸಿರಿ. ನೀವು ಪಟೇಲರು, ನಿಮ್ಮೆದುರು ಇಲ್ಲವೆನ್ನುವುದಿಲ್ಲ. ಅದು ಬಂದ ದಿನ ಎರಡನೇ ಅರ್ಜಿ ಕೊಡುತ್ತೇನೆ.

ಕಾದಿರುವ,
ದುರುಗಪ್ಪ


ಮುಕ್ಕುಂದ
೨೧ ಮಾರ್ಚ್ ೧೯೪೬

ದುರುಗನಿಗೆ.

ಹೊಳೆ ಇಳಿದಿದೆ. ಮೊಣಕಾಲುದ್ದ ನೀರು, ಜನ ನಡೆದೇ ದಾಟುತ್ತಾರೆ. ಹರಿಗೋಲಿಗೆ ಕೆಲಸವಿಲ್ಲ. ಮುದುಕಪ್ಪ ಊರಲ್ಲಿಲ್ಲ, ಎಲ್ಲಿಗೆ ಹೋಗಿದ್ದಾನೋ ತಿಳಿಯದು. ಬಂದರೂ ಇಪ್ಪತ್ತು ವರ್ಷದ ಹಿಂದಿನದು ಅವನಿಗೇನು ನೆನಪಿರುತ್ತದೆ?

ಯಾರು ಎಲ್ಲಿ ಹುಟ್ಟಿದರು ಎಂಬುದನ್ನು ಕೆದಕುವುದು ಒಳ್ಳೆಯದಲ್ಲ. ಎರಡನೇ ಅರ್ಜಿ ಬೇಡ. ನಿಮ್ಮವ್ವ ಆರೋಗ್ಯವಾಗಿದ್ದಾಳೆ.

ಅಂಬಪ್ಪ


ಲಿಂಗಸುಗೂರು
೨ ಏಪ್ರಿಲ್ ೧೯೪೬

ಅಂಬಪ್ಪ ಮಾವನವರಿಗೆ.

ಎರಡನೇ ಅರ್ಜಿಯನ್ನು ನಿನ್ನೆ ಕೊಟ್ಟೆ. ಹನುಮೇಶನ ಮುಲ್ಕಿ ಕಾಗದವನ್ನು ತನಿಖೆ ಮಾಡಬೇಕೆಂದು ಬರೆದಿದ್ದೇನೆ. ಹರಿಗೋಲಿನವನ ಹೇಳಿಕೆ ಇಲ್ಲದೆಯೇ ಕೊಡಬೇಕಾಯಿತು.

ಹರಿಗೋಲಿನ ಮುದುಕಪ್ಪ ಊರಲ್ಲೇ ಇದ್ದಾನೆ. ಭಾನುವಾರ ಇಲ್ಲಿ ಸಂತೆಗೆ ಬಂದಿದ್ದ ನಮ್ಮೂರಿನ ಇಬ್ಬರನ್ನು ಬೇರೆ ಬೇರೆಯಾಗಿ ಕೇಳಿದೆ. ಇಬ್ಬರೂ ಒಂದೇ ಹೇಳಿದರು. ಒಬ್ಬನಂತೂ "ಎಲ್ಲಿಗೆ ಹೋಗ್ತಾನ್ರಿ ಅವ? ನಿಮ್ಮ ಮಾವನ ಕಟ್ಟಿ ಮ್ಯಾಲೆ ಕುಂತು ದಿನಾ ಎಲಿ ಅಡಿಕಿ ಹಾಕ್ತಾನ" ಎಂದು ನಕ್ಕ.

ಎರಡನೆಯದು. ಮಾರ್ಚ್ ೧೮ರಂದು ಪೇಶ್ಕಾರರು ಸಿಂಧನೂರಿಗೆ ಹೋಗಿದ್ದರು. ಜೊತೆಗೆ ಹೋಗಿದ್ದ ಮಲೀಕಸಾಬ ಬಂದು ನನಗೆ ಹೇಳಿದ. "ನಿಮ್ಮ ಮಾವನ್ನ ನೋಡಿದೆ. ನಮ್ಮ ಸಾಹೇಬ್ರು ಇಳಕೊಂಡಿದ್ದ ಮನಿ ಮುಂದ. ರುಮಾಲು ತಗದು ಕೈಯಾಗ ಹಿಡಕೊಂಡು ನಿಂತಿದ್ರು."

ನನ್ನ ಮಾವ ತಹಸೀಲ್ದಾರರ ಎದುರಿಗೂ ರುಮಾಲು ತೆಗೆದದ್ದನ್ನು ನಾನು ಕಂಡಿಲ್ಲ. ೧೮ಕ್ಕೆ ಅವರನ್ನು ನೋಡಿ, ೨೧ಕ್ಕೆ ನನಗೆ ಬರೆದಿರಿ. ನೋಡಿದ್ದನ್ನು ಬರೆಯಲಿಲ್ಲ.

ಅವರು ನಿಮಗೆ ಏನು ಮಾತು ಕೊಟ್ಟರು? ನಿಮ್ಮ ಮಗನಿಗೆ ಕಾಲುವೆ ಕಚೇರಿಯೇ? ಇದನ್ನು ಕೇಳಲು ಮನಸ್ಸಿಲ್ಲ. ಕೇಳದೆ ಇರಲೂ ಆಗುವುದಿಲ್ಲ.

ದುರುಗಪ್ಪ


ಲಿಂಗಸುಗೂರು
೨೦ ಏಪ್ರಿಲ್ ೧೯೪೬

ಮಾವನವರಿಗೆ.

ಹದಿನೆಂಟು ದಿನವಾಯಿತು, ಉತ್ತರವಿಲ್ಲ. ಆದರೂ ಬರೆಯುತ್ತಿದ್ದೇನೆ. ವಿಷಯ ಬೇರೆ ದಾರಿ ಹಿಡಿದಿದೆ.

ತನಿಖೆಗೆ ದುಯ್ಯಂ ತಾಲೂಕದಾರರ ಹುಕುಂ ಬಂದಿದೆ. ಆದರೆ ನಾನು ಕೇಳಿದ್ದು ಹನುಮೇಶನ ಕಾಗದದ ತನಿಖೆ. ಹುಕುಮಿನಲ್ಲಿ 'ಇಬ್ಬರು ಉಮೇದ್ವಾರರ ಕಾಗದಗಳೂ' ಎಂದಿದೆ. ನನ್ನದನ್ನು ಸಿಂಧನೂರು ತಹಸೀಲಿನಿಂದ ತರಿಸುತ್ತಿದ್ದಾರೆ. ಪೇಶ್ಕಾರರ ಟಿಪ್ಪಣಿಯ ಮೇಲೆ ಹೀಗಾಯಿತೆಂದು ತಿಳಿಯಿತು. ನನ್ನದನ್ನು ನೋಡಬೇಕೆಂದು ಅವರಿಗೆ ಹೇಗೆ ಹೊಳೆಯಿತು?

ಮೊನ್ನೆ ಮಧ್ಯಾಹ್ನ ಕಚೇರಿಯಲ್ಲಿ ಯಾರೂ ಇಲ್ಲದಾಗ ಹನುಮೇಶ ನನ್ನ ಜಮಖಾನದ ಬಳಿ ಬಂದು ಕುಳಿತ. ಕೈಯಲ್ಲಿ ಕಾಯಿದೆಯ ಪುಸ್ತಕವಿತ್ತು.

"ಅಣ್ಣಾ, ನನ್ನ ಮ್ಯಾಲೆ ಅರ್ಜಿ ಹಾಕೀದಿ. ಹಾಕು, ನಿನ್ನ ಜಾಗದಾಗ ನಾನಿದ್ರೂ ಹಾಕ್ತಿದ್ದೆ. ಆದ್ರ ಈ ಕಲಮು ಓದೀಯೇನು?"

ಉರ್ದುವಿನಲ್ಲಿ ಓದಿ ಹೇಳಿದ. ಒಬ್ಬನು ಮುಲ್ಕಿಯಾಗಲು ಅವನು ಹುಟ್ಟಿದಾಗ ಅವನ ತಂದೆ ಮುಲ್ಕಿಯಾಗಿರಬೇಕು. ಇಲ್ಲವೇ ತಾನೇ ನಡುವೆ ಬಿಡದೆ ಹದಿನೈದು ವರ್ಷ ಈ ಮುಲ್ಕಿನಲ್ಲಿ ನೆಲೆಸಿರಬೇಕು.

"ಎಲ್ಲಿ ಹುಟ್ಟಿದ ಅನ್ನೂದು ಎಲ್ಲೈತಿ ತೋರ್ಸು. ನಾ ಸಿರುಗುಪ್ಪದಾಗ ಹುಟ್ಟೀನಿ, ಖರೆ. ನಮ್ಮಪ್ಪ ಮಸ್ಕಿಯಾಂವ. ಮನ್ಯಾಗಿನವರು ಈ ಕಲಮು ಗೊತ್ತಿಲ್ಲದs ಸುಳ್ಳು ಬರಿಸ್ಯಾರ, ಬೇಕಾಗೇ ಇರಲಿಲ್ಲ." ಪುಸ್ತಕ ಮುಚ್ಚಿ ಮೆಲ್ಲಗೆ ಕೇಳಿದ. "ನಿಮ್ಮಪ್ಪ ಎಲ್ಲಿಯಾಂವ ಅಣ್ಣಾ?"

ಇದನ್ನು ನನ್ನ ಮೇಲಿನ ಕನಿಕರದಿಂದ ಹೇಳಿದನೋ, ಅವನ ಚಿಕ್ಕಪ್ಪ ಹೇಳಿ ಕಳಿಸಿದ್ದರೋ ತಿಳಿಯಲಿಲ್ಲ. ಪುಸ್ತಕವನ್ನು ಕಸಿದುಕೊಂಡು ನಾನೇ ಮೂರು ಸಲ ಓದಿದೆ. ಅವನು ಹೇಳಿದ್ದು ಸರಿ.

ನನ್ನಪ್ಪ ಯಂಕೋಬ ಹೊಳೆಯಾಚೆಯವನು, ನಿಮ್ಮ ಮನೆಗೆ ಮನೆಅಳಿಯನಾಗಿ ಬಂದವನು ಎಂದು ಮುಕ್ಕುಂದದ ನಾಯಿಗೂ ಗೊತ್ತು. ಅವನು ಬಂದ ಮರುವರ್ಷ ನಾನು ಹುಟ್ಟಿದೆ. ಕನ್ನಡ ಶಾಲೆ ಬೇಕೆಂದು ಏಳನೇ ವಯಸ್ಸಿನಿಂದ ಹದಿನಾಲ್ಕರವರೆಗೆ ಆಚೆ ದಡದ ಅಜ್ಜನ ಮನೆಯಲ್ಲಿದ್ದೆ. ಎಣಿಸಿ ನೋಡಿದೆ. ಯಾವ ಕಡೆಯಿಂದಲೂ ನಾನು ಮುಲ್ಕಿಯಲ್ಲ.

ಹಾಗಾದರೆ ನನಗೆ ಮುಲ್ಕಿ ಕಾಗದ ಹೇಗೆ ಸಿಕ್ಕಿತು? ಸಿಂಧನೂರಿಗೆ ಹೋಗಿ ಅದನ್ನು ಮಾಡಿಸಿಕೊಟ್ಟವರು ನೀವು. ನಾನು ಅದನ್ನು ಒಂದು ದಿನವೂ ಓದಿಲ್ಲ. ಅದರಲ್ಲಿ ಏನು ಬರೆದಿದೆ?

ದುರುಗಪ್ಪ


ಮುಕ್ಕುಂದ
೨೮ ಏಪ್ರಿಲ್ ೧೯೪೬

ದುರುಗಾ,

ಅದರಲ್ಲಿ 'ಯಂಕೋಬ, ಮುಕ್ಕುಂದದ ಮೂಲ ನಿವಾಸಿ' ಎಂದು ಬರೆದಿದೆ. ಕೆಳಗೆ ಇದು ಸತ್ಯವೆಂದು ಮಾಲಿ ಪಟೇಲನ ಸಹಿ ಇದೆ. ಸಹಿ ನನ್ನದು.

ಅಂದು ಸಿಂಧನೂರಿನ ಕಚೇರಿಯಲ್ಲಿ ಗುಮಾಸ್ತ ಕೇಳಿದ. "ಹುಡುಗನ ಅಪ್ಪ ಯಾವೂರವ್ರೀ ಪಟೇಲ್ರ?" ನಿಮ್ಮಪ್ಪ ಬೇರೆ ಊರವನೆಂದು ಊರವರು ಅವನನ್ನು ಬದುಕಿದ್ದಷ್ಟು ದಿನವೂ ಹಂಗಿಸಿದರು. ಪಂಕ್ತಿಯಲ್ಲಿ ಕೊನೆಗೆ ಕೂರಿಸಿದರು. ನಮ್ಮ ಹೊಲದಲ್ಲಿ ದುಡಿದು ನಮ್ಮ ಹೊಲದಲ್ಲೇ ಸತ್ತ. ಗುಮಾಸ್ತ ಕೇಳಿದಾಗ ನನಗೆ ಅದೆಲ್ಲ ನೆನಪಾಯಿತು. "ನಮ್ಮೂರಾಂವನ" ಎಂದೆ. ಹಾಗೆಂದು ನನ್ನನ್ನೇ ಸಮಾಧಾನ ಮಾಡಿಕೊಳ್ಳುತ್ತಿದ್ದೇನೆ. ನಿಜ ಹೇಳಬೇಕೆಂದರೆ, ತಂಗಿಯ ಮಗನಿಗೆ ನೌಕರಿ ಆಗಲಿ ಎಂದು ಬರೆದೆ. ಬೇರೆಯವನ ಮಗನಾಗಿದ್ದರೆ ಬರೆಯುತ್ತಿರಲಿಲ್ಲ.

ಮಾರ್ಚ್‌ನಲ್ಲಿ ನಾನು ಸಿಂಧನೂರಿಗೆ ಹೋದದ್ದು ಆ ಕಾಗದ ಎಲ್ಲಿದೆಯೆಂದು ನೋಡಲು. ಸಿಗಲಿಲ್ಲ. ಪೇಶ್ಕಾರರು ಊರಲ್ಲಿದ್ದಾರೆಂದು ತಿಳಿದು ಅವರಲ್ಲಿಗೆ ಹೋದೆ. "ನಮ್ಮ ಹುಡುಗ ಅರ್ಜಿ ವಾಪಸ್ ತಗೋತಾನ. ಅವನ ಕಾಗದ ಮಾತ್ರ ಕೆದಕಬ್ಯಾಡ್ರಿ" ಎಂದೆ. ಅವರು ಕನ್ನಡಕ ತೆಗೆದು, "ಯಾವ ಕಾಗದ ಪಟೇಲ್ರ?" ಎಂದರು. ಆ ದನಿ ಕೇಳಿದ ಕೂಡಲೇ ಗೊತ್ತಾಯಿತು. ಅವರಿಗೆ ಏನೂ ಗೊತ್ತಿರಲಿಲ್ಲ. ನಾನೇ ಬಾಯಿಬಿಟ್ಟಿದ್ದೆ.

ಮುದುಕಪ್ಪ ಇಲ್ಲೇ ಇದ್ದಾನೆ. ಅದೂ ಸುಳ್ಳು ಬರೆದೆ.

ಪಟೇಲಕಿ ಹೋಗುತ್ತದೆಂದು ನನಗೆ ಭಯ. ಮೂರು ತಲೆಯಿಂದ ಬಂದದ್ದು ನನ್ನ ಕಾಲಕ್ಕೆ ಮುಗಿಯುತ್ತದೆ, ನನ್ನ ಮಗನಿಗೆ ಉಳಿಯುವುದಿಲ್ಲ. ಈಗಲೂ ಅರ್ಜಿ ಹಿಂದಕ್ಕೆ ಪಡೆದರೆ ಕಾಗದಗಳು ಬಸ್ತೆಗೆ ಸೇರುತ್ತವೆ. ಹೇಳುವುದು ನನ್ನ ಬಾಯಿಗೆ ಶೋಭಿಸುವುದಿಲ್ಲ, ಆದರೂ ಹೇಳುತ್ತಿದ್ದೇನೆ.

ನಿಮ್ಮವ್ವ ಪಕ್ಕದಲ್ಲೇ ಕುಳಿತಿದ್ದಾಳೆ. ಇದನ್ನೂ ಬರಿ ಎನ್ನುತ್ತಿದ್ದಾಳೆ. "ನನ್ನ ಗಂಡ ಯಾವೂರಾಂವ ಅಂತ ನನ್ನ ಯಾರೂ ಕೇಳಲಿಲ್ಲ. ಕೇಳಿದ್ರ ಹೇಳ್ತಿದ್ದೆ. ಅದ್ರಾಗ ಮುಚ್ಚಿಡೂದು ಏನೈತಿ?"

ಅಂಬಪ್ಪ


ಲಿಂಗಸುಗೂರು
೧೧ ಮೇ ೧೯೪೬

ಮಾವನವರಿಗೆ ಶರಣು.

ನಾನು ಅರ್ಜಿ ಹಿಂದಕ್ಕೆ ಪಡೆದಿಲ್ಲ. ಏನು ಮಾಡಿದೆನೆಂದು ತಾರೀಖಿನ ಪ್ರಕಾರ ತಿಳಿಸುತ್ತೇನೆ.

ಮೇ ೨ರಂದು ಪೇಶ್ಕಾರರು ಮಲೀಕಸಾಬನ ಬಾಯಲ್ಲಿ ಹೇಳಿ ಕಳಿಸಿದರು. ನಾನು ಸುಮ್ಮನಿದ್ದರೆ ಅವರೂ ಸುಮ್ಮನಿರುತ್ತಾರೆ. ಸಿಂಧನೂರಿನ ಕಾಲುವೆ ಕಚೇರಿಯಲ್ಲಿ ಮೊದಲ ಜಾಗ ನನ್ನದು. ಮಲೀಕಸಾಬ ಹೇಳುವುದನ್ನು ಹೇಳಿ ಮುಗಿಸಿ, "ಸಾಹೇಬ್ರ ಮಾತು ಮುಗೀತು. ಇನ್ನ ನನ್ನ ಮಾತು. ನಾಕು ವರ್ಷ ಪುಕ್ಕಟೆ ದುಡಿದಾಂವ, ಕೊಟ್ಟದ್ದು ತಗೋ" ಎಂದ. ಎರಡು ದಿನ ಯೋಚಿಸಿದೆ. ತೆಗೆದುಕೊಳ್ಳಬೇಕೆಂದು ಆಸೆಯಾಗಲಿಲ್ಲವೆಂದರೆ ಸುಳ್ಳಾಗುತ್ತದೆ.

ಮೇ ೪ರಂದು ತಾಲೂಕದಾರರಿಗೆ ಮೂರನೇ ಅರ್ಜಿ ಕೊಟ್ಟೆ. ನನ್ನ ತಂದೆ ಹೊಳೆಯಾಚೆಯವನು, ನಾನು ಮುಲ್ಕಿಯಲ್ಲ, ಈ ಜಾಗ ನನಗೆ ಸಲ್ಲದು ಎಂದು ಮೊದಲು ಬರೆದೆ. ಹನುಮೇಶನ ಮುಲ್ಕಿಯ ಬಗ್ಗೆ ನಾನು ಹೇಳಿದ್ದು ತಪ್ಪೆಂದೂ ಬರೆದೆ. ಆಮೇಲೆ ಕೇಳಿದೆ. ನಾಲ್ಕು ತಿಂಗಳಿನವನನ್ನು ನಾಲ್ಕು ವರ್ಷದವನ ಮೇಲಿಟ್ಟ ಪಟ್ಟಿಯನ್ನು ಅವನ ಚಿಕ್ಕಪ್ಪನೇ ಬರೆದದ್ದು ಸರಿಯೇ? ಈ ಪ್ರಶ್ನೆಗೆ ಉತ್ತರ ಕೊಡಲು ನಾನು ಯಾವ ದಡದವನಾದರೇನು?

ನಿಮ್ಮ ಹೆಸರನ್ನು ನಾನು ಬರೆಯಲಿಲ್ಲ. ಬರೆಯದಿದ್ದರೂ ಕಾಗದದಲ್ಲಿ ಸಹಿ ಇದೆ. ಆದ್ದರಿಂದ ನಿಮಗೆ ಸಮನ್ಸು ಹೊರಟಿತು.

ಮೇ ೭ರಂದು ಸಮನ್ಸು ತಂದವನು ಮಲೀಕಸಾಬ. ಅವನು ನಿಮಗೆ ಇನ್ನೊಂದು ಕಾಗದವನ್ನೂ ಕೊಟ್ಟನಂತೆ. "ಒಂದಕ್ಕ ಸರಕಾರಿ ಸಿಕ್ಕಾ ಒತ್ತಿತ್ತು. ಒಂದಕ್ಕ ಇರಲಿಲ್ಲ" ಎಂದ. ಸಿಕ್ಕಾ ಇಲ್ಲದ ಕಾಗದವನ್ನು ಬರೆದವನು ಹನುಮೇಶ. ಅವನೇ ನನಗೆ ಹೇಳಿದ. "ಕಾಕಾ ಬರಿ ಅಂದ್ರು, ಬರದೆ. 'ಈ ಸಹಿ ನನ್ನದಲ್ಲ, ನನ್ನ ತಂಗಿ ಮಗನs ನನ್ನ ಹೆಸರಲೆ ಹಾಕ್ಯಾನ' ಅಂತ ಐತಿ. ನಿಮ್ಮ ಮಾವ ಅದಕ್ಕ ಸಹಿ ಹಾಕಿದ್ರ ಪಟೇಲಕಿ ಉಳಿತೈತಿ. ನೀ ಒಳಗ ಹೋಗ್ತಿ." ಇದನ್ನು ನನಗೆ ಹೇಳು ಎಂದೂ ಕಾಕಾ ಹೇಳಿದ್ದರೇನೋ ಎಂದೆ. ಹನುಮೇಶ ಎದ್ದು ಹೋದ.

ಮಲೀಕಸಾಬನನ್ನು ಕೇಳಿದೆ, ಮಾವ ಆ ಕಾಗದ ತೆಗೆದುಕೊಂಡರೇ? "ತಗೊಂಡ್ರು. ಬಿಸಲಿಗೆ ಹಿಡದು ಎರಡು ಸಲ ಓದಿದ್ರು. ಮಡಚಿ ಅಂಗಿ ಒಳಗ ಇಟ್ಟುಕೊಂಡ್ರು. ನನಗ ಮಜ್ಜಿಗಿ ಕುಡಿಸಿದ್ರು."

ಅವತ್ತಿನಿಂದ ನಾಲ್ಕು ದಿನವಾಯಿತು. ನಿಮ್ಮ ಕಾಗದ ಬಂದಿಲ್ಲ. ಅಂಚೆ ತಡವಾಗಿದೆಯೋ, ನೀವು ಬರೆದಿಲ್ಲವೋ ಗೊತ್ತಿಲ್ಲ. ಏಪ್ರಿಲ್‌ನಲ್ಲಿ ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಬರೆದು ನಿಮ್ಮ ಮೇಲೆ ತಪ್ಪು ಹೊರಿಸಿದೆ. ಈ ಸಲ ಏನನ್ನೂ ಊಹಿಸಿ ಬರೆಯುವುದಿಲ್ಲ. ನಿಮ್ಮ ಮಗನ ಪಾಲು ನಿಮ್ಮ ಕೈಯಲ್ಲಿದೆ. ನನ್ನದೂ ಇದೆ.

ಅಂಚೆಗೆ ಹೊತ್ತಿಲ್ಲ, ಇದನ್ನು ನಾಳೆ ಸಂತೆಗೆ ಬರುವ ನಮ್ಮೂರವರ ಕೈಯಲ್ಲಿ ಕಳಿಸುತ್ತೇನೆ. ಅವ್ವನನ್ನು ಕರೆತರಬೇಡಿರಿ. ಬಿಸಿಲು ಹೆಚ್ಚಿದೆ. ದಾವಲ್‌ಬೀ ನಿಮಗೆ ಪಡಸಾಲೆಯಲ್ಲಿ ಜಾಗ ಮಾಡಿದ್ದಾಳೆ, ಬುಧವಾರ ಸಂಜೆಗೆ ಬಂದರೆ ಇಲ್ಲೇ ಇಳಿಯಿರಿ. ಬೇರೆ ಕಡೆ ಇಳಿಯುವುದಾದರೂ ಸರಿ.

ವಿಚಾರಣೆ ಮೇ ೧೬, ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ, ದುಯ್ಯಂ ತಾಲೂಕದಾರರ ಕಚೇರಿಯಲ್ಲಿ. ಮೊದಲು ನಿಮ್ಮನ್ನು ಕೂಗುತ್ತಾರೆ. ಆಮೇಲೆ ನನ್ನನ್ನು.

ನಿಮ್ಮ ತಂಗಿಯ ಮಗ,
ದುರುಗಪ್ಪ